ಕೊನೆಯ ಪುಟದ ಮೀನು

ಅಮ್ಮ,

ನೀನು ತೀರಿಕೊಂಡ ಎಂಟು ತಿಂಗಳಿಗೆ ನಾನೂ ಒಂದು ಪುಸ್ತಕವನ್ನು ಅರ್ಧಕ್ಕೇ ಬಿಟ್ಟೆ. ನಗಬೇಡ. ಮುದುಕಿಯೊಬ್ಬಳು ಆಸ್ಪತ್ರೆಯಲ್ಲಿ ಮಲಗಿ ಮಗಳ ಫೋನಿಗಾಗಿ ಕಾಯುವ ಕಾದಂಬರಿ. ನೂರಾ ನಲವತ್ತನೆಯ ಪುಟದಲ್ಲಿ ಮುಚ್ಚಿಬಿಟ್ಟೆ.

ಇವತ್ತು ನಮ್ಮ ಡುಲೂತ್ ಊರಿನ ಲೈಬ್ರರಿಗೆ ವಾಪಸು ಕೊಡಲು ಹೋದರೆ, ಕೌಂಟರಿನಲ್ಲಿದ್ದ ಆರ್ಡಿಸ್ ಕನ್ನಡಕದ ಮೇಲಿಂದ ನೋಡಿದಳು.

"ಏನೇ ಮಾರ್ಲಿಸ್, ಎರಡೇ ದಿನಕ್ಕೆ ಮುಗಿಸಿಬಿಟ್ಯಾ?"

"ಇಲ್ಲ, ಓದೋಕಾಗ್ಲಿಲ್ಲ."

"ಅಯ್ಯೋ, ನಿಮ್ಮಮ್ಮನ್ನ ಪುಕ್ಕಲಿ ಅಂತ ಆಡ್ಕೊಳ್ತಿದ್ದೋಳು ನೀನೇ ತಾನೆ?"

ಹೌದು, ನಾನೇ. ಕಥೆಯಲ್ಲಿ ನಾಯಿ ಸತ್ತರೂ ನೀನು ಪುಸ್ತಕ ಬಿಡುತ್ತಿದ್ದೆ. ಓದಿದ್ದನ್ನೇ ಮತ್ತೆ ತರಬಾರದೆಂದು ಇಲ್ಲಿನ ಮುದುಕಿಯರೆಲ್ಲ ಲೈಬ್ರರಿ ಪುಸ್ತಕಗಳಲ್ಲಿ ಕದ್ದು ಗುರುತು ಹಾಕುತ್ತಾರಲ್ಲ, ನಿನ್ನದೂ ಒಂದಿತ್ತು. ಬಿಟ್ಟ ಪುಟದ ಮೂಲೆಯಲ್ಲಿ ಪೆನ್ಸಿಲಿನ ಅಡ್ಡಗೆರೆ. ಓದಿ ಮುಗಿಸಿದ್ದರೆ ಕೊನೆಯ ಪುಟದಲ್ಲಿ ಒಂದು ಪುಟ್ಟ ಮೀನು.

ಈ ಕಾದಂಬರಿಯನ್ನು ನೀನು ಎಲ್ಲಿ ಬಿಟ್ಟಿರಬಹುದೆಂದು ಕುತೂಹಲವಾಯಿತು. ಅಲ್ಲೇ ನಿಂತು ಒಂದೊಂದೇ ಪುಟ ತಿರುವಿದೆ. ಹತ್ತರಲ್ಲಿಲ್ಲ, ಐವತ್ತರಲ್ಲಿಲ್ಲ, ನಾನು ಬಿಟ್ಟಲ್ಲೂ ಇಲ್ಲ. ಸದ್ಯ, ನೀನು ಇದನ್ನು ಮುಟ್ಟಿಯೇ ಇಲ್ಲ ಎಂಬ ಸಮಾಧಾನದಲ್ಲಿ ಕೊನೆಯ ಪುಟ ತೆರೆದೆ.

ಮೀನಿತ್ತು.

"ಕೊನೇ ಸಲ ಆಸ್ಪತ್ರೆಗೆ ಸೇರಿದಾಗ ನಾನೇ ತಗೊಂಡ್ಹೋಗಿ ಕೊಟ್ಟಿದ್ದೆ," ಎಂದಳು ಆರ್ಡಿಸ್, ನನ್ನ ಮುಖ ನೋಡದೆ.

ಪುಸ್ತಕವನ್ನು ಮತ್ತೆ ಮನೆಗೆ ತಂದಿದ್ದೇನೆ. ಮೇಜಿನ ಮೇಲಿದೆ, ಇನ್ನೂ ತೆರೆದಿಲ್ಲ.

ಕೊನೆಗಾದರೂ ಆ ಮಗಳು ಫೋನ್ ಮಾಡುತ್ತಾಳಾ, ಅಮ್ಮ?