ಎರಡು ಡಿಗ್ರಿ ಹೆಚ್ಚು

ಜನ್ನಾಪುರ, ಭದ್ರಾವತಿ
ಭಾನುವಾರ

ಹಾಜರಾ ಆಪಾಗೆ ಶಿರೀನಳ ಸಲಾಂ.

ಫೋನ್ ಮಾಡಿದರೆ ಅಬ್ಬಾ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಈ ಕಾಗದ. ಅವರು ನಮ್ಮಿಬ್ಬರಿಗೂ ಕೊಡಿಸಿದ ಹವಾಮಾನ ಯಂತ್ರದ ವಿಷಯ. ದಿನಾ ಮಧ್ಯಾಹ್ನ ನನ್ನ ತಾರಸಿಯ ಉಷ್ಣಾಂಶವನ್ನೂ ನೀನು ಶಿವಮೊಗ್ಗದ ಗೋಪಾಳದಿಂದ ಕಳಿಸಿದ್ದನ್ನೂ ಪುಸ್ತಕದಲ್ಲಿ ಬರೆಯುತ್ತಾರಲ್ಲ, ಈ ಬೇಸಿಗೆಯಲ್ಲಿ ನನ್ನದು ಯಾವಾಗಲೂ ಎರಡು ಡಿಗ್ರಿ ಕಡಿಮೆ. "ಶಿವಮೊಗ್ಗಕ್ಕೂ ಭದ್ರಾವತಿಗೂ ಅಷ್ಟೊಂದು ವ್ಯತ್ಯಾಸ ಎಲ್ಲಿಂದ ಬರ್ತದೆ? ನಿನ್ನ ಸೆನ್ಸರೇ ಸರಿಯಿಲ್ಲ ಬೇಟಿ, ಹಾಜರಾಳದ್ದು ನೋಡಿ ಸರಿಮಾಡ್ಕೋ" ಅನ್ನುತ್ತಾರೆ. ನನ್ನ ಕೈಯ ಅನ್ನ ಉಂಡು ನಿನ್ನ ಯಂತ್ರವನ್ನು ನಂಬುವ ಮನುಷ್ಯ.

ಹೋದ ವಾರ ಮೀನಂಗಡಿಯಿಂದ ಐಸ್ ತಂದು ಪುಡಿಮಾಡಿ, ಸ್ವಲ್ಪ ನೀರಿನ ಜೊತೆ ಫ್ಲಾಸ್ಕಿಗೆ ತುಂಬಿ, ಸೆನ್ಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಳಿಸಿದೆ. ಕರಗುವ ಐಸಿನಲ್ಲಿ ಸೊನ್ನೆ ತೋರಿಸಬೇಕು. ಸರಿಯಾಗಿ ಸೊನ್ನೆಯೇ ತೋರಿಸಿತು. ನಿನ್ನದನ್ನು ಏಸಿಯ ಬಿಸಿಗಾಳಿ ಊದುವ ಪೆಟ್ಟಿಗೆಯ ಪಕ್ಕದಲ್ಲೇ ಹಾಕಿಸಿದ್ದೀಯ. ರಂಜಾನ್ ಹಬ್ಬಕ್ಕೆ ಬಂದಾಗಲೇ ನೋಡಿದ್ದೆ. ಅಬ್ಬಾನ ಮುಂದೆ ಹೇಳಿ ನಿನ್ನ ಮುಖ ನೋಡಬೇಕೆಂದಿದ್ದೆ.

ಆದರೆ ನಿನ್ನೆ ಅವರು ಪುಸ್ತಕ ಹಿಡಿದು ಮೆಟ್ಟಿಲು ಹತ್ತುವುದು ಕೇಳಿಸಿದಾಗ ಏನನ್ನಿಸಿತೋ, ಯಂತ್ರದ ಸೆಟ್ಟಿಂಗಿನಲ್ಲಿ ಎರಡು ಡಿಗ್ರಿ ಕೂಡಿಸಿಬಿಟ್ಟೆ. ಎರಡೂ ಅಂಕಿ ನೋಡಿ ನನ್ನ ತಲೆಯ ಮೇಲೆ ಕೈಯಿಟ್ಟು, "ಶಾಬಾಶ್ ಬೇಟಿ, ಈಗ ಸರಿಹೋಯ್ತು ನೋಡು" ಅಂದರು. ನನಗೆ ಅವರು ಹಿಂದೆ ಶಾಬಾಶ್ ಅಂದದ್ದು ಯಾವಾಗ ಅಂತ ನೆನಪೇ ಇರಲಿಲ್ಲ.

ಮುಂದಿನ ವಾರ ನಿಮ್ಮ ಮನೆಗೆ ಬಣ್ಣ ಹೊಡೆಸುತ್ತೀರಂತೆ. ಯಂತ್ರ ಕಳಚಿದರೆ, ಆಪಾ, ದಯವಿಟ್ಟು ಮತ್ತೆ ಅದೇ ಜಾಗದಲ್ಲೇ ಹಾಕಿಸು.

ನಿನ್ನ ತಂಗಿ,
ಶಿರೀನ್