ಮಾಳಿಗೆಯ ಕೋಣೆ ಖಾಲಿಯಿಲ್ಲ

ಮನೆ ಯಜಮಾನರಿಗೆ, ಆಸ್ಪತ್ರೆಯಿಂದ ನಿಮ್ಮ ಮಾಳಿಗೆ ಕೋಣೆಯವಳ ನಮಸ್ಕಾರ.

ನನ್ನ ಕೋಣೆಯನ್ನು ಯಾರ್ಯಾರಿಗೋ ತೋರಿಸುತ್ತಿದ್ದೀರಿ ಎಂದು ತಂಗಿ ಹೇಳಿದಳು. ರಕ್ತದ ಕ್ಯಾನ್ಸರ್ ಮತ್ತೆ ಬಂದಿರುವುದು ನಿಜ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ನೋಡಮ್ಮ, ಕೀಮೋಗೆ ಹೆಚ್ಚುಕಮ್ಮಿ ಎಲ್ಲಾ ಕ್ಯಾನ್ಸರ್ ಕಣಗಳೂ ಸತ್ತಿದ್ವು. ಕೆಲವು ಮೂಳೆ ಮಜ್ಜೆಯೊಳಗೆ ಅಡಗಿ ಉಳ್ಕೊಂಡ್ವು. ಈಗಿರೋದೆಲ್ಲ ಅವುಗಳದೇ ಸಂತಾನ, ಹಳೇ ಔಷಧಿಗೆ ಜಗ್ಗಲ್ಲ" ಎಂದರು.

ನನಗೆ ನಗು ಬಂತು. ಮನೆಮನೆಗೆ ಹೋಗಿ ತಿಗಣೆ ಔಷಧಿ ಹೊಡೆಯುವವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ನಿಮ್ಮ ಮನೆಯಲ್ಲೇ ಮೊದಲ ಸಲ ಹೊಡೆದಾಗ, ಮಂಚದ ಸಂದಿಯಲ್ಲಿ ಉಳಿದ ನಾಲ್ಕಾರು ತಿಗಣೆಗಳು ಮತ್ತೆ ಮನೆ ತುಂಬಿದ್ದವು. "ಈ ಮನೇನೇ ಮಾರ್ಬಿಡ್ತೀನಿ" ಎಂದು ನೀವು ತಲೆಯ ಮೇಲೆ ಕೈ ಹೊತ್ತು ಕೂತಿದ್ದಿರಿ. ನಾನು ಮಂಚ ಬಿಚ್ಚಿಸಿ ಬೇರೆ ಔಷಧಿ ಹೊಡೆದೆ. ಈಗ ಅದೇ ಮಂಚದ ಮೇಲೆ ನೀವು ಹೊಡೆಯುವ ಗೊರಕೆ ಮಾಳಿಗೆಗೆ ಕೇಳಿಸುತ್ತದೆ.

ನಾಳೆಯಿಂದ ನನಗೂ ಬೇರೆ ಔಷಧಿ. ಅದು ನಾಟುತ್ತದೋ ಇಲ್ಲವೋ ಡಾಕ್ಟರಮ್ಮನಿಗೇ ಗೊತ್ತಿಲ್ಲ. ನಾನು ವಾಪಸು ಬರುವುದಿಲ್ಲ ಎಂದು ನಿಮಗೆ ಹೇಗೆ ಗೊತ್ತಾಯಿತು?

ಬಾಗಿಲಿಗೆ ತೂಗುಹಾಕಿದ 'ಬಾಡಿಗೆಗಿದೆ' ಬೋರ್ಡನ್ನು ಇವತ್ತೇ ಇಳಿಸಿ. ತಂಗಿ ಬಂದರೆ ಬೀಗದ ಕೈ ಕೊಡಿ. ಔಷಧಿ ಹೊಡೆಯುವ ನನ್ನ ಪಂಪಿನ ವಾಷರು ಒಣಗದ ಹಾಗೆ ಅವಳು ಎಣ್ಣೆ ಬಿಡಬೇಕು, ಬಂದ ಮೇಲೆ ಕೆಲಸವಿದೆ.

ಇತಿ,
ಖಾಲಿ ಮಾಡದವಳು