ಬೂದನ ನಂಬರು

೬ ಆಗಸ್ಟ್ ೨೦೦೬, ಬೆಳಿಗ್ಗೆ

ಈ ಪುಸ್ತಕವನ್ನು ಕದ್ದು ಓದುತ್ತಿರುವವರೇ, ನಿಮಗೆ ಬೇರೆ ಕಸುಬಿಲ್ಲವೇ? ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದು ನಿಮಗೆ ಓದಲಿಕ್ಕಲ್ಲ. ಮೊಮ್ಮಗಳು ಭವ್ಯಳೇ ಆಗಿದ್ದರೆ, ಕೈ ತೊಳೆದಾದರೂ ಮುಟ್ಟು. ಮೊನ್ನೆಯ ಪುಟಕ್ಕೆ ಉಪ್ಪಿನಕಾಯಿ ಎಣ್ಣೆ ಹತ್ತಿದೆ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು. ನಗಬೇಡ.

ದೋಸೆಗೆ ನೆನೆಹಾಕಿದ್ದಾಯಿತು. ಮೈಸೂರಿಂದ ಅಳಿಯ ಷಡಕ್ಷರಿ ಬಂದಿದ್ದಾರೆ, ಎರಡು ದಿನದ ರಜೆ. ರೇಸ್ ಕುದುರೆ ನೋಡಿಕೊಳ್ಳುವ ಸೈಸ್ ಅವರು. ಮೈ ತಿಕ್ಕುವುದು, ಲದ್ದಿ ಎತ್ತುವುದು... ಹದಿನೆಂಟು ವರ್ಷದಿಂದ ಅದೇ. ಮಗಳು ಸರೋಜ, ಭವ್ಯ ಇಬ್ಬರೂ ಇಲ್ಲಿ ಬಾಳಗಡಿಯಲ್ಲಿ ನನ್ನ ಜೊತೆ. ಮೈಸೂರಿನಲ್ಲಿ ಅಳಿಯನಿಗಿರುವುದು ಲಾಯದ ಪಕ್ಕ ಒಂದು ಮಂಚ. ಕುದುರೆಗೆ ಕೋಣೆ ಇದೆ, ಹೆಂಡತಿಗಿಲ್ಲ.

ಅದೇ ದಿನ, ಊಟ ಆದ ಮೇಲೆ

ಅಕ್ಟೋಬರಿನಲ್ಲಿ ದೊಡ್ಡ ಓಟವಂತೆ, ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಇವರು ಸಾಕುವ ಬೂದು ಕುದುರೆ ಅದರಲ್ಲಿ ಸೇರಿದರೆ ಇವರನ್ನು ಹೆಡ್ ಸೈಸ್ ಮಾಡುತ್ತಾರಂತೆ, ಎರಡು ರೂಮಿನ ಕ್ವಾರ್ಟರ್ಸ್ ಕೊಡುತ್ತಾರಂತೆ. ಕುದುರೆಯ ಹೆಸರು ಇಂಗ್ಲಿಷಿನಲ್ಲಿ ಏನೋ ಇದೆ. ನಾನು ಬೂದ ಅನ್ನುತ್ತೇನೆ. ಸರೋಜ ಆಗಲೇ ಮೈಸೂರಿಗೆ ಒಯ್ಯುವ ಪಾತ್ರೆ ಆರಿಸುತ್ತಿದ್ದಾಳೆ.

"ಓಡಿಸೋದಾದ್ರೆ ಓಡಿಸಿ. ಸೇರೋದು ಅಂದ್ರೆ ಎಂಥದು?" ಅಂದೆ.

"ಬಂದವ್ರನ್ನೆಲ್ಲ ಸೇರಿಸಲ್ಲ ಅತ್ತೆ. ಹಿಂದೆ ಓಡಿದ್ದು ನೋಡಿ ಒಂದೊಂದು ಕುದುರೆಗೂ ನಂಬರ್ ಕೊಟ್ಟಿರ್ತಾರೆ. ಹೆಸರು ಕೊಟ್ಟಿರೋದು ಮೂವತ್ತು, ಜಾಗ ಇರೋದು ಹದಿನಾಲ್ಕು. ದೊಡ್ಡ ನಂಬರಿಂದ ಎಣಿಸ್ತಾ ಬರ್ತಾರೆ. ನಮ್ಮದು ಹದಿನಾರನೇದು."

"ಮತ್ತೆ?"

"ಸೆಪ್ಟೆಂಬರ್ ಮೂರಕ್ಕೆ ಒಂದು ಸಣ್ಣ ಓಟ ಇದೆ. ಅದ್ರಲ್ಲಿ ಗೆದ್ರೆ ನಂಬರ್ ಏರ್ತದೆ, ಒಳಗೆ ಬರ್ತೀವಿ. ಆದ್ರೆ ನಂಬರ್ ಏರಿದಷ್ಟೂ ಬೆನ್ನಿಗೆ ತೂಕ ಜಾಸ್ತಿ. ಬೆನ್ನಿನ ಜೀನಿನ ಕೆಳಗಿನ ಬಟ್ಟೇಲಿ ಸೀಸದ ತುಂಡು ಇಡ್ತಾರೆ, ಎಲ್ಲಾ ಸಮ ಆಗ್ಲಿ ಅಂತ."

"ಓಡೋದಕ್ಕೇ ಹೊರೆ! ಈ ಮನೇಲೂ ಅದೇ ಅಲ್ವಾ ಮಾರಾಯ್ತಿ? ಸೋಮಾರಿ ಕೈಗೆ ಯಾರು ಬಿಂದಿಗೆ ಕೊಡ್ತಾರೆ?"

ಸರೋಜ ನಕ್ಕಳು. ಅಳಿಯ ನಗಲಿಲ್ಲ. ಬೂದ ಕೊನೆಯ ತಿರುವಿನಲ್ಲಿ ಸೋಲುತ್ತಾನಂತೆ. ಕಾಲಿದೆ, ದಮ್ಮಿಲ್ಲ.

೭ ಆಗಸ್ಟ್

ಸೀತೂರಿನಲ್ಲಿ ನಮ್ಮಪ್ಪ ನಾಟಿ ಹೊತ್ತಿಗೆ ಎತ್ತುಗಳಿಗೆ ಉಂಡೆ ಕೊಡುತ್ತಿದ್ದರು. ಹುರಿದ ಹುರುಳಿ ಹಿಟ್ಟು, ಬೆಲ್ಲ, ಮನೆಯಲ್ಲೇ ಕುಟ್ಟಿದ ಕಾಫಿಪುಡಿ ಎರಡು ಮುಷ್ಟಿ. ಮಧ್ಯಾಹ್ನ ಮಲಗಿದ ಎತ್ತು ಸಂಜೆಯವರೆಗೆ ಕೆಸರು ತುಳಿಯುತ್ತಿತ್ತು. ಐದು ಉಂಡೆ ಕಟ್ಟಿದೆ. ನಾಲ್ಕನ್ನು ಡಬ್ಬಿಗೆ ಹಾಕಿ ಅಳಿಯನ ಕೈಗಿಟ್ಟೆ.

"ಹಿಂದಿನ ದಿನ ಎರಡು, ಓಡೋ ದಿನ ಬೆಳಿಗ್ಗೆ ಎರಡು."

"ಎಂಥ ಹಾಕಿದ್ದೀರಿ ಅತ್ತೆ? ಹೊರಗಿನದ್ದು ಕೊಡಂಗಿಲ್ಲ ನಾವು."

"ಹುರುಳಿ, ಬೆಲ್ಲ. ಅದೂ ಹೊರಗಿನದ್ದಾ? ಬೇಡದಿದ್ರೆ ಇಟ್ಟು ಹೋಗಿ. ಹದಿನೆಂಟು ವರ್ಷಕ್ಕೆ ಒಂದು ಸಲ ಕೊಟ್ಟೆ."

ಕಾಫಿಪುಡಿಯ ಮಾತು ಹೇಳಲಿಲ್ಲ. ಮದ್ದಿನ ಗುಟ್ಟು ಹೇಳಿದರೆ ಗುಣ ಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅಳಿಯ ಡಬ್ಬಿಯನ್ನು ಪಂಚೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡರು. ಬಸ್ಸಿಗೆ ಹೊತ್ತಾಗಿತ್ತು.

೩ ಸೆಪ್ಟೆಂಬರ್, ಸಂಜೆ

ಫೋನ್ ಬಂತು. ಬೂದ ಗೆದ್ದ! ಕೊನೆಯ ತಿರುವಿನಲ್ಲಿ ನಿಲ್ಲಲೇ ಇಲ್ಲವಂತೆ. ಈಗ ಹನ್ನೆರಡನೆಯವನು, ಒಳಗೆ. ತೂಕ ಎರಡು ಕಿಲೋ ಏರಿತಂತೆ. ಏರಲಿ.

ಸರೋಜ ಪಕ್ಕದ ಮನೆಗೆಲ್ಲ ಸಕ್ಕರೆ ಹಂಚಿದಳು. ನಾನು ರಾತ್ರಿಗೆ ಪಾಯಸ ಮಾಡಿದೆ, ಅಷ್ಟೇ.

೧೯ ಸೆಪ್ಟೆಂಬರ್

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಗೆದ್ದ ಕುದುರೆಯ ಮೂತ್ರ ಹಿಡಿದು ಪರೀಕ್ಷೆಗೆ ಕಳಿಸುತ್ತಾರಂತೆ. ಬೂದನದರಲ್ಲಿ ಕೆಫೀನ್ ಸಿಕ್ಕಿದೆ. ಹಾಗೆಂದರೇನು ಎಂದು ಭವ್ಯಳನ್ನು ಕೇಳಿದೆ.

"ಕಾಫೀಲಿ ಇರೋದು ಅಜ್ಜಿ. ಕುದುರೆಗೆ ಅದು ಕಳ್ಳ ಔಷಧಿ ಲೆಕ್ಕ."

ಗೆಲುವು ರದ್ದು. ನಂಬರು ಮೊದಲಿನದೇ. ಬೂದ ಹೊರಗೆ. ಅಳಿಯನನ್ನು ಲಾಯದೊಳಗೆ ಬಿಡುತ್ತಿಲ್ಲ. ಮೂವತ್ತನೇ ತಾರೀಕು ವಿಚಾರಣೆ. ತಪ್ಪು ಅವರದೆಂದಾದರೆ ಇನ್ನು ಯಾವ ಲಾಯಕ್ಕೂ ಸೇರಿಸುವುದಿಲ್ಲ.

ಸಂಜೆ ಫೋನಿನಲ್ಲಿ ಕೇಳಿದರು. "ಅತ್ತೆ, ಆ ಉಂಡೇಲಿ ಬೇರೆ ಏನಾದ್ರೂ..."

"ಹುರುಳಿ, ಬೆಲ್ಲ," ಅಂದೆ.

"ಹಾಗಾದ್ರೆ ಸರಿ. ಮನೇದು ಅಂತ ಉಂಡೆ ವಿಷಯ ನಾನು ಎತ್ತೇ ಇಲ್ಲ ಅಲ್ಲಿ. ನಿಮ್ಮ ಹೆಸರು ಯಾಕೆ ಬರ್ಬೇಕು."

ಊರಿಗೆಲ್ಲ ಬಯ್ಯುವ ನಾಲಿಗೆ ನನ್ನದು. ಒಂದು ಮಾತಿಗೆ ಹೊರಳಲಿಲ್ಲ.

೨೧ ಸೆಪ್ಟೆಂಬರ್

ಸರೋಜ ಆರಿಸಿಟ್ಟ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿದಳು. ಇವತ್ತು ನಾನು ಕಾಫಿ ಕುಡಿಯಲಿಲ್ಲ. ತಲೆ ಸಿಡಿಯುತ್ತಿದೆ.

೨೨ ಸೆಪ್ಟೆಂಬರ್, ಬೆಳಿಗ್ಗೆ

ಭವ್ಯಾ, ಹೇಗೂ ಕದ್ದು ಓದುತ್ತೀಯಲ್ಲ. ಓದು. ಕೆಳಗಿನದ್ದನ್ನು ಬಿಳಿ ಹಾಳೆಗೆ ಇಳಿಸಿ ಇವತ್ತೇ ರಿಜಿಸ್ಟರ್ ಪೋಸ್ಟ್ ಮಾಡು. ಅಕ್ಷರ ತಿದ್ದು, ಮಾತು ತಿದ್ದಬೇಡ. ನಿನ್ನಮ್ಮನಿಗೆ ನಾನೇ ಹೇಳುತ್ತೇನೆ. ಹಾಳೆಯ ಜೊತೆ ಕಪಾಟಿನಲ್ಲಿ ಉಳಿದಿರುವ ಐದನೇ ಉಂಡೆಯನ್ನೂ ಕಟ್ಟಿ ಕಳಿಸು.

ರೇಸಿನ ವಿಚಾರಣೆಯ ಸಾಹೇಬರಿಗೆ, ಬಾಳಗಡಿಯಿಂದ ವೀರಬಸಮ್ಮ ಬರೆಯುವುದು.

ಬೂದು ಕುದುರೆ ತಿಂದ ಉಂಡೆಗೆ ಕಾಫಿಪುಡಿ ಹಾಕಿದವಳು ನಾನು. ಅಳಿಯ ಷಡಕ್ಷರಿ ಎರಡು ಸಲ ಕೇಳಿದರು, ಎರಡು ಸಲವೂ ಸುಳ್ಳು ಹೇಳಿದೆ. ಉಂಡೆ ಕಳಿಸಿದ್ದೇನೆ, ಪರೀಕ್ಷೆ ಮಾಡಿ ನೋಡಿ. ಬೂದನ ನಂಬರು ಹೋಗಿದ್ದು ಹೋಯಿತು, ಅದನ್ನು ಕೇಳುವುದಿಲ್ಲ. ಆದರೆ ನಿಮ್ಮಲ್ಲಿ ಯಾರ ಬೆನ್ನಿಗೆ ಎಷ್ಟು ತೂಕ ಎಂದು ನೋಡಿ ಹೊರಿಸುವವರು ಇದ್ದಾರಂತೆ. ಈ ತಪ್ಪನ್ನೂ ನೋಡಿ ಹೊರಿಸಿ. ವಿಚಾರಣೆಗೆ ಬಾ ಎಂದರೆ ಬರುತ್ತೇನೆ, ಬಸ್ಸು ಹತ್ತಲು ಬರುತ್ತದೆ ನನಗೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ನನಗಲ್ಲ, ಅಳಿಯನಿಗೆ, ತಪ್ಪು ಅವರದಲ್ಲ ಎಂದು.